ಬೀದರಿನ ಅಂಗಡಿ, ಕಡಲಾಚೆಯ ಗಿರಾಕಿ

(ಬೀದರಿನಲ್ಲಿ ಕುಶಲಕರ್ಮಿಗಳು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿಕೊಂಡಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಇವತ್ತಿನ ವಿಷಯ, ಅಂದರೆ ಸ್ವಂತ ವೆಬ್‌ಸೈಟಿನಿಂದ ವಿದೇಶದ ಗಿರಾಕಿಗೆ ಮಾರುವುದು, ಹೊಸದೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಅಂಗಡಿಯ ವೆಬ್‌ಸೈಟ್ ಹೊಸದಿರಬಹುದು, ಆದರೆ ಬೀದರಿನವರಿಗೆ ದೂರದೇಶದ ವ್ಯಾಪಾರ ಹೊಸದಲ್ಲ. 1470ರ ಆಸುಪಾಸಿನಲ್ಲಿ, ಅಂದರೆ ಬಹಮನಿ ಸುಲ್ತಾನರ ಪ್ರಧಾನಮಂತ್ರಿ ಮಹಮೂದ್ ಗಾವಾನನ ಮದರಸಾ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ, ರಷ್ಯಾದ ತ್ವೆರ್ ಪಟ್ಟಣದ ಅಫಾನಸಿ ನಿಕಿಟಿನ್ ಎಂಬ ವ್ಯಾಪಾರಿ ಒಂದು ಕುದುರೆಯನ್ನು ಮಾರುವುದಕ್ಕೆಂದು ಕಡಲು ದಾಟಿ ಬಂದು, ದಾರಿಯುದ್ದಕ್ಕೂ ಅದಕ್ಕೆ ಮೇವು ಹಾಕಿ, ಜುನ್ನರದಲ್ಲಿ ಅದನ್ನು ಕಳೆದುಕೊಂಡು, ಮತ್ತೆ ಪಡೆದು, ಕೊನೆಗೆ ನಮ್ಮ ಊರಿನಲ್ಲೇ ಮಾರಿದ. ಆತ ಬರೆದಿಟ್ಟ ಟಿಪ್ಪಣಿಗಳಲ್ಲಿ ಎರಡು ದೂರುಗಳಿವೆ. ತನ್ನ ದೇಶಕ್ಕೆ ಬೇಕಾದ ಸರಕು ಇಲ್ಲಿ ಬೇಕಾದಷ್ಟಿದೆ ಎಂದು ಹೇಳಿದವರು ಸುಳ್ಳು ಹೇಳಿದ್ದರು ಎಂಬುದು ಒಂದು, ಸುಂಕ ವಿಪರೀತ ಎಂಬುದು ಇನ್ನೊಂದು. ಮಹಮೂದ್ ಗಾವಾನನೂ ಮೂಲತಃ ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದ ವ್ಯಾಪಾರಿಯೇ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ನಿಕಿಟಿನ್ನನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ವ್ಯತ್ಯಾಸ ಒಂದೇ. ಗಿರಾಕಿ ಯಾರೆಂದು ತಿಳಿಯುವ ಮೊದಲೇ ಆತ ಕುದುರೆಯನ್ನು ಹಡಗು ಹತ್ತಿಸಬೇಕಾಯಿತು, ನಾವು ಗಿರಾಕಿ ಹಣ ಕಟ್ಟಿದ ಮೇಲೆ ಪೊಟ್ಟಣ ಕಟ್ಟುತ್ತೇವೆ. ಉಳಿದಂತೆ ಅವನ ಎರಡೂ ದೂರುಗಳು, ಅಂದರೆ ಸರಕಿನ ವಿಷಯದಲ್ಲಿ ಸರಿಯಾದ ಮಾಹಿತಿ ಸಿಗದಿರುವುದು ಮತ್ತು ಸುಂಕ ಯಾರ ತಲೆಯ ಮೇಲೆ ಬೀಳುತ್ತದೆಂದು ಮೊದಲೇ ಗೊತ್ತಾಗದಿರುವುದು, ಇವತ್ತಿಗೂ ಹಾಗೆಯೇ ಉಳಿದಿವೆ. ನನ್ನ ಮಾತೆಲ್ಲ ಈ ಎರಡರ ಸುತ್ತಲೇ ಇರುತ್ತದೆ.

ಮೊದಲು ನನ್ನ ತಪ್ಪುಗಳನ್ನು ಹೇಳಿಬಿಡುತ್ತೇನೆ. ಚೌಬಾರಾದ ಹತ್ತಿರ ನಮ್ಮದೊಂದು ಸಣ್ಣ ಬಿದ್ರಿ ಅಂಗಡಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಸಾಮಾನಿನ ಅಂಗಡಿ, ಇದೆ. ನಾನು ಕಾರೀಗರನಲ್ಲ, ಎರಡು ಕಾರೀಗರ ಕುಟುಂಬಗಳು ಮಾಡಿಕೊಡುವ ಸಾಮಾನನ್ನು ಮಾರುವವನು. ಮೊದಲ ಸಲ ವೆಬ್‌ಸೈಟ್ ಮಾಡಿಸಿದಾಗ ಮಾಡಿಕೊಟ್ಟ ಹುಡುಗ ಅದರ ಮುಖಪುಟದಲ್ಲಿ ಕೋಟೆಯ ಚಿತ್ರ ತೇಲಿಬರುವಂತೆ ಮಾಡಿದ್ದ, ಅದರ ಮೇಲೆ ‘ಸುಸ್ವಾಗತ’ ಎಂದು ಹೊಳೆಯುವ ಅಕ್ಷರಗಳಿದ್ದವು, ಕೆಳಗೆ ನಮ್ಮ ಅಂಗಡಿಗೆ ಬಂದುಹೋದ ಗಣ್ಯರ ಜೊತೆ ನಾನು ನಿಂತಿರುವ ಹನ್ನೆರಡು ಫೋಟೋಗಳಿದ್ದವು. ಸಾಮಾನಿನ ಚಿತ್ರಗಳು ಆರೇ ಆರು, ಒಂದಕ್ಕೂ ಅಳತೆಯಿಲ್ಲ, ತೂಕವಿಲ್ಲ, ಬೆಲೆಯಿಲ್ಲ. ‘ಬೆಲೆಗೆ ಸಂಪರ್ಕಿಸಿ’ ಎಂದು ಬರೆದು ಮೊಬೈಲ್ ನಂಬರು ಕೊಟ್ಟಿದ್ದೆವು, ಅದರ ಹಿಂದೆ ದೇಶದ ಸಂಖ್ಯೆ 91 ಇರಲಿಲ್ಲ. ಎರಡು ವರ್ಷದಲ್ಲಿ ವಿದೇಶದಿಂದ ಬಂದ ವಿಚಾರಣೆ ಒಂದೇ ಒಂದು, ಅದೂ ನಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತಂದುಕೊಡುತ್ತೇನೆಂದು ಹಣ ಕೇಳಿದವನದು.

ಬುದ್ಧಿ ಬಂದದ್ದು ಅಂಗಡಿಯ ಗಾದಿಯ ಮೇಲೆ ಕುಳಿತಾಗಲೇ. ಕೋಟೆ ನೋಡಿಕೊಂಡು ಬಂದ ಪ್ರವಾಸಿ ಒಂದು ಪುಟ್ಟ ಡಬ್ಬಿಯನ್ನು ಎತ್ತಿಕೊಳ್ಳುತ್ತಾನೆ. ಕೈಗೆ ತಗುಲಿದ ಕೂಡಲೇ ‘ಇಷ್ಟು ಭಾರ ಯಾಕೆ?’ ಎನ್ನುತ್ತಾನೆ. ‘ಇದು ಬೆಳ್ಳಿಯೋ, ಬೆಳ್ಳಿ ಬಣ್ಣವೋ?’ ‘ಕಪ್ಪು ಬಣ್ಣ ಕೈಗೆ ಹತ್ತುವುದಿಲ್ಲವೇ?’ ‘ಇದರಲ್ಲಿ ಏಲಕ್ಕಿ, ಅಡಿಕೆ ಇಡಬಹುದೇ?’ ‘ಇಷ್ಟಕ್ಕೆ ಇಷ್ಟು ದುಡ್ಡೇಕೆ?’ ಒಂದು ತಿಂಗಳು ಪೂರ್ತಿ ಇಂಥ ಪ್ರಶ್ನೆಗಳನ್ನು ಖಾತೆಪುಸ್ತಕದ ಹಿಂದಿನ ಹಾಳೆಗಳಲ್ಲಿ ಗುರುತು ಹಾಕಿಕೊಂಡೆ. ತಿಂಗಳ ಕೊನೆಗೆ ನೋಡಿದರೆ ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹದಿನೈದು ಇಪ್ಪತ್ತು ಅಷ್ಟೇ. ಎದುರಿಗಿರುವ ಗಿರಾಕಿಗೆ ಬಾಯಲ್ಲಿ ಉತ್ತರ ಹೇಳುತ್ತೇವೆ, ಸಾಮಾನನ್ನು ಕೈಗೆ ಕೊಡುತ್ತೇವೆ, ಒಂದು ಕಪ್ ಚಹಾ ತರಿಸುತ್ತೇವೆ. ಕಡಲಾಚೆಯವನಿಗೆ ಈ ಮೂರೂ ಇಲ್ಲ. ಅವನು ರಾತ್ರಿ ಹನ್ನೊಂದಕ್ಕೆ ತನ್ನ ಮನೆಯಲ್ಲಿ ಕುಳಿತು ನಮ್ಮ ಪುಟವನ್ನು ನೋಡುವಾಗ ನಾವು ಇಲ್ಲಿ ಅಂಗಡಿಯ ಶಟರ್ ಎತ್ತುತ್ತಿರುತ್ತೇವೆ. ಆದುದರಿಂದ ಅವನ ಮನಸ್ಸಿಗೆ ಬರುವ ಪ್ರತಿಯೊಂದು ಪ್ರಶ್ನೆಗೂ, ಅವನು ಕೇಳುವ ಮೊದಲೇ, ಆ ಸಾಮಾನಿನ ಚಿತ್ರದ ಪಕ್ಕದಲ್ಲೇ ಉತ್ತರವಿರಬೇಕು. ಸಣ್ಣ ವ್ಯಾಪಾರಿಯ ವೆಬ್‌ಸೈಟಿಗೆ ಇದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲವೆಂದು ನಾನು ತಿಳಿದಿದ್ದೇನೆ.

ಈಗ ನಮ್ಮ ಪುಟವೊಂದು ಹೇಗಿದೆ ಎಂದು ಹೇಳುತ್ತೇನೆ. ಮುಚ್ಚಳವಿರುವ ಒಂದು ದುಂಡು ಡಬ್ಬಿ. ಮೊದಲ ಸಾಲಿನಲ್ಲೇ ಅದು ಏನೆಂದು ಹೇಳಿದ್ದೇವೆ: ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಶುದ್ಧ ಬೆಳ್ಳಿಯ ತಂತಿಯನ್ನು ಕೈಯಿಂದ ಕೂರಿಸಿದ ಡಬ್ಬಿ, ಬೀದರ್, ಕರ್ನಾಟಕ, ಭಾರತ. ಎರಡನೆಯ ಸಾಲಿನಲ್ಲಿ ವ್ಯಾಸ, ಎತ್ತರ ಸೆಂಟಿಮೀಟರಿನಲ್ಲೂ ಇಂಚಿನಲ್ಲೂ, ತೂಕ ಗ್ರಾಮಿನಲ್ಲೂ ಔನ್ಸಿನಲ್ಲೂ ಇದೆ. ಅಮೆರಿಕದವರಿಗೆ ಸೆಂಟಿಮೀಟರು ಕಣ್ಣಿಗೆ ಕಟ್ಟುವುದಿಲ್ಲ, ಯುರೋಪಿನವರಿಗೆ ಇಂಚು ಕಟ್ಟುವುದಿಲ್ಲ. ಮೂರನೆಯದು ಮಾಡುವ ರೀತಿ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಅರದಿಂದ ಉಜ್ಜಿ ನುಣುಪು ಮಾಡುವುದು, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು ಅದರ ಮೇಲೆ ಚಾಣದಿಂದ ಬಳ್ಳಿ ಬರೆಯುವುದು, ಕೊರೆದ ಗೆರೆಯೊಳಗೆ ಬೆಳ್ಳಿ ಬಡಿದು ಕೂರಿಸುವುದು, ಕೊನೆಗೆ ಬಿಸಿ ಮಾಡಿ ನವಸಾಗರ ಬೆರೆಸಿದ ಕೋಟೆಯ ಮಣ್ಣನ್ನು ಉಜ್ಜಿದಾಗ ಲೋಹ ಮಾತ್ರ ಕಪ್ಪಾಗಿ ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುವುದು. ಈ ಕೊನೆಯ ಹಂತದ ಒಂದು ನಿಮಿಷದ ವಿಡಿಯೋ ನಮ್ಮ ಪುಟದಲ್ಲಿದೆ. ಅದರಲ್ಲಿ ಸಂಗೀತವಿಲ್ಲ, ಮಾತಿಲ್ಲ. ಕಪ್ಪು ನಿಧಾನವಾಗಿ ಏರುತ್ತಾ ಬಳ್ಳಿ ಎದ್ದು ಬರುವುದನ್ನು ನೋಡಿದ ಮೇಲೆ ‘ಇಷ್ಟು ದುಡ್ಡೇಕೆ’ ಎಂದು ಯಾರೂ ಪತ್ರ ಬರೆದಿಲ್ಲ.

ವಿವರಣೆ ಬರೆಯುವುದನ್ನು ನಾನು ಕಲಿತದ್ದು ಮ್ಯೂಸಿಯಮ್ಮುಗಳಿಂದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಬಿದ್ರಿಯ ಹಳೆಯ ಹುಕ್ಕಾಬುಡಗಳಿವೆ, ಅವುಗಳ ವಿವರ ಅವರ ವೆಬ್‌ಸೈಟುಗಳಲ್ಲಿ ಎಲ್ಲರಿಗೂ ಸಿಗುತ್ತದೆ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲೂ ಬಿದ್ರಿ ಇತ್ತು. ಆ ವಿವರಗಳಲ್ಲಿ ‘ಅದ್ಭುತ’, ‘ಅಮೋಘ’ ಎಂಬ ಪದಗಳಿರುವುದಿಲ್ಲ. ವಸ್ತು ಯಾವುದು, ಯಾವ ಲೋಹ, ಯಾವ ಊರು, ಯಾವ ಕಾಲ, ಎಷ್ಟು ಎತ್ತರ ಎಂಬುದಷ್ಟೇ ಇರುತ್ತದೆ. ನಮ್ಮ ಕಲೆಯನ್ನು ಹುಡುಕುವ ವಿದೇಶೀಯ ಯಾವ ಪದಗಳಲ್ಲಿ ಹುಡುಕುತ್ತಾನೆಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ‘ಬಿದ್ರಿ’ ಎಂಬ ಹೆಸರು ಗೊತ್ತಿದ್ದವನು ಆ ಹೆಸರಿನಿಂದಲೇ ಹುಡುಕುತ್ತಾನೆ, ಗೊತ್ತಿಲ್ಲದವನು ‘ಸಿಲ್ವರ್ ಇನ್‌ಲೇ ಬಾಕ್ಸ್’ ಎಂದು ಹುಡುಕುತ್ತಾನೆ. ‘ಟ್ರೆಡಿಷನಲ್ ಹ್ಯಾಂಡಿಕ್ರಾಫ್ಟ್ ಗಿಫ್ಟ್ ಐಟಂ’ ಎಂದು ಬರೆದರೆ ಲಕ್ಷಾಂತರ ಅಂಗಡಿಗಳ ನಡುವೆ ನಾವು ಕಳೆದುಹೋಗುತ್ತೇವೆ. ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಅದು ಸಿಕ್ಕಿತು. ಊರಿನ ಹೆಸರಿಗೇ ಕಾನೂನಿನ ಬೆಲೆ ಬಂದಿರುವಾಗ ಆ ಹೆಸರನ್ನು ಪುಟದ ಮೂಲೆಯಲ್ಲಿ ಬಚ್ಚಿಡುವುದು ಸರಿಯಲ್ಲ. 2023ರಲ್ಲಿ ನಮ್ಮ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಬಂದ ಮೇಲಂತೂ ಬಿದ್ರಿಯ ಹೆಸರನ್ನೇ ಹಿಡಿದು ಬರುವ ವಿಚಾರಣೆಗಳು ನಮ್ಮಂಥ ಸಣ್ಣ ಅಂಗಡಿಗಳಿಗೂ ಒಂದಿಷ್ಟು ಹೆಚ್ಚಾದವು.

ಫೋಟೋದ ಬಗ್ಗೆ ಒಂದು ಮಾತು. ಬಿದ್ರಿಯ ಚಿತ್ರ ತೆಗೆಯುವುದು ಕಷ್ಟ, ಏಕೆಂದರೆ ಕಪ್ಪು ಬೆಳಕನ್ನು ನುಂಗುತ್ತದೆ, ಬೆಳ್ಳಿ ಬೆಳಕನ್ನು ಎಸೆಯುತ್ತದೆ. ಫ್ಲ್ಯಾಶ್ ಹಾಕಿದರೆ ಡಬ್ಬಿಯ ಬದಲು ಫೋಟೋ ತೆಗೆದವನ ಮುಖವೇ ಕಾಣುತ್ತದೆ. ನಾವು ಸ್ಟುಡಿಯೋಕ್ಕೆ ಹೋಗಿ ದುಡ್ಡು ಸುರಿದೆವು, ಸರಿಬರಲಿಲ್ಲ. ಕೊನೆಗೆ ನಮ್ಮ ಕಾರೀಗರ ಚಾಚಾ ಅವರೇ ದಾರಿ ತೋರಿಸಿದರು. ತೊಳೆದು ತೊಳೆದು ತೆಳುವಾದ ಒಂದು ಬಿಳಿ ಧೋತರವನ್ನು ಉತ್ತರದ ಕಿಟಕಿಗೆ ಅಡ್ಡ ಕಟ್ಟಿ, ಬೆಳಿಗ್ಗೆ ಒಂಬತ್ತರ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ಚಿತ್ರಗಳೇ ಇವತ್ತಿಗೂ ವೆಬ್‌ಸೈಟಿನಲ್ಲಿವೆ. ಒಂದು ಚಿತ್ರ ಮುಂದಿನಿಂದ, ಒಂದು ತಳದ್ದು, ಒಂದು ಮುಚ್ಚಳ ತೆಗೆದದ್ದು, ಒಂದು ಅಂಗೈಯಲ್ಲಿ ಇಟ್ಟದ್ದು. ಅಂಗೈಯ ಚಿತ್ರವನ್ನು ಮರೆಯಬೇಡಿ, ಅಳತೆಯ ಅಂಕಿ ಓದದವರು ಅಂಗೈ ನೋಡಿ ಅಳೆಯುತ್ತಾರೆ. ಮೊಬೈಲಿನ ಚಿತ್ರ ನಾಲ್ಕೈದು ಎಂಬಿ ಇರುತ್ತದೆ, ಅದನ್ನು ಕುಗ್ಗಿಸಿ 200 ಕೆಬಿಯೊಳಗೆ ತಂದು ಹಾಕಿ. ಪುಟ ತೆರೆಯುವುದು ತಡವಾದರೆ ನೋಡುವವನು ಕಾಯುವುದಿಲ್ಲ.

ಇನ್ನು ಪೆಟ್ಟು ತಿಂದು ಕಲಿತ ಒಂದು ಸಂಗತಿ. ದೂರದೇಶದ ಒಬ್ಬ ಮಹಿಳೆ ನಮ್ಮಲ್ಲಿ ಸುರಾಹಿಯೊಂದನ್ನು, ಅಂದರೆ ಉದ್ದ ಕತ್ತಿನ ಹೂಜಿಯನ್ನು, ಕೊಂಡಿದ್ದರು. ನಾಲ್ಕು ತಿಂಗಳ ಮೇಲೆ ಅವರಿಂದ ಎರಡು ಚಿತ್ರಗಳಿದ್ದ ಪತ್ರ ಬಂತು. ಮೊದಲನೆಯದರಲ್ಲಿ ಬಂದಾಗಿನ ಸುರಾಹಿ, ಎರಡನೆಯದರಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಅದೇ ಸುರಾಹಿ. ಬೆಳ್ಳಿ ಮಂಕಾಯಿತೆಂದು ಅವರು ಅಂಗಡಿಯಲ್ಲಿ ಸಿಗುವ ಲೋಹದ ಪಾಲಿಶನ್ನು ಇಡೀ ಸುರಾಹಿಗೆ ಹಚ್ಚಿ ಉಜ್ಜಿದ್ದರು, ಬೆಳ್ಳಿಯ ಜೊತೆಗೆ ಕಪ್ಪೂ ಹೋಗಿತ್ತು. ನಮ್ಮ ಕಡೆ ಪೂಜೆಯ ಸಾಮಾನಿಗೆ ಹುಣಸೆಹಣ್ಣು ಹಚ್ಚಿದಂತೆ ಅವರು ತಮ್ಮ ರೂಢಿಯಂತೆ ಮಾಡಿದ್ದರು, ಅವರದೇನೂ ತಪ್ಪಿರಲಿಲ್ಲ. ಬಿದ್ರಿಗೆ ಹುಣಸೆ, ನಿಂಬೆ, ಪಾಲಿಶ್ ಯಾವುದೂ ತಾಗಬಾರದು, ಒಣಬಟ್ಟೆಯಿಂದ ಒರೆಸಿ ಆಗಾಗ ಒಂದು ಹನಿ ಎಣ್ಣೆ ಸವರಿದರೆ ಸಾಕು ಎಂಬುದು ನಮ್ಮ ಓಣಿಯ ಹುಡುಗರಿಗೆಲ್ಲ ಗೊತ್ತು. ನಮಗೆ ಅಷ್ಟು ಗೊತ್ತಿದ್ದುದರಿಂದಲೇ ಅದನ್ನು ಬರೆಯಬೇಕೆಂದು ನಮಗೆ ಹೊಳೆದಿರಲಿಲ್ಲ. ಅವರಿಗೆ ಇನ್ನೊಂದು ಸುರಾಹಿಯನ್ನು ಅರ್ಧ ಬೆಲೆಗೆ ಕಳುಹಿಸಿದೆವು. ಈಗ ಆರೈಕೆಯ ಸೂಚನೆ ಪ್ರತಿ ಪುಟದಲ್ಲಿದೆ, ಡಬ್ಬಿಯೊಳಗೆ ಚೀಟಿಯಾಗಿಯೂ ಹೋಗುತ್ತದೆ. ಅದರ ಕೆಳಗೆ ‘ಇದು ಅಲಂಕಾರದ ವಸ್ತು, ಊಟ ತಿಂಡಿಗೆ ಬಳಸುವ ಪಾತ್ರೆಯಲ್ಲ’ ಎಂಬ ಸಾಲೂ ಇದೆ. ಈ ಸಾಲನ್ನು ಓದಿ ಕೊಳ್ಳದೆ ಹೋದವರೂ ಇರಬಹುದು, ಅವರು ಹೋಗಲಿ.

ಭಾಷೆಯ ಪ್ರಶ್ನೆಯನ್ನು ಈಗಾಗಲೇ ಒಬ್ಬರು ಕೇಳಿದರು: ಫ್ರೆಂಚ್, ಜರ್ಮನ್, ಅರಬ್ಬಿ ಭಾಷೆಯಲ್ಲೂ ವೆಬ್‌ಸೈಟ್ ಇರಬೇಕೇ? ಯಂತ್ರಾನುವಾದದಿಂದ ಅರ್ಧ ಗಂಟೆಯಲ್ಲಿ ಹತ್ತು ಭಾಷೆಯ ಪುಟಗಳು ಸಿದ್ಧವಾಗುತ್ತವೆ ಎಂಬುದು ನಿಜ. ಆದರೆ ಜರ್ಮನ್ ಪುಟ ಓದಿದವನು ಜರ್ಮನ್‌ನಲ್ಲೇ ಪತ್ರ ಬರೆಯುತ್ತಾನೆ, ದೂರನ್ನೂ ಆ ಭಾಷೆಯಲ್ಲೇ ಕೊಡುತ್ತಾನೆ. ಉತ್ತರ ಕೊಡಲಾಗದ ಭಾಷೆಯಲ್ಲಿ ಅಂಗಡಿಯ ಬಾಗಿಲು ತೆರೆಯಬಾರದು. ಚಿಕ್ಕ ವಾಕ್ಯಗಳ ಸರಳ ಇಂಗ್ಲಿಷ್ ನಮಗೆ ಸಾಕು, ಓದುವವರ ಬ್ರೌಸರೇ ಅದನ್ನು ಅವರ ಭಾಷೆಗೆ ತಿರುಗಿಸಿಕೊಳ್ಳುತ್ತದೆ, ವಾಕ್ಯ ಸರಳವಿದ್ದಷ್ಟೂ ತಪ್ಪು ಕಡಿಮೆ. ಇಂಗ್ಲಿಷಿನ ಜೊತೆಗೆ ಒಂದು ಕನ್ನಡ ಪುಟ ಇಟ್ಟಿದ್ದೇವೆ. ಗಲ್ಫಿನಲ್ಲಿ, ಅಮೆರಿಕದಲ್ಲಿ ಇರುವ ನಮ್ಮ ಕಡೆಯ ಮಕ್ಕಳು ತಮ್ಮ ಮೇಲಧಿಕಾರಿಗೋ ನೆರೆಯವರಿಗೋ ಊರಿನ ಉಡುಗೊರೆ ಕೊಡಬೇಕೆಂದಾಗ ಅದನ್ನು ಓದುತ್ತಾರೆ. ‘.ಭಾರತ’ ಎಂಬ ಕನ್ನಡ ಲಿಪಿಯ ವಿಳಾಸವೂ ಸಿಗುತ್ತದೆ, ಅಭಿಮಾನಕ್ಕೆ ತೆಗೆದುಕೊಳ್ಳಿ, ಆದರೆ ಅದನ್ನು ಬೆರಳಚ್ಚಿಸಲಾಗದ ಗಿರಾಕಿಗೆ ರೋಮನ್ ಲಿಪಿಯ ವಿಳಾಸವೇ ಮುಖ್ಯವಾಗಿರಲಿ.

ಅಂಕಿಗಳೂ ಒಂದು ಬಗೆಯ ಭಾಷೆಯೇ. ‘05/08’ ಎಂದು ಬರೆದರೆ ನಮಗೆ ಆಗಸ್ಟ್ ಐದು, ಅಮೆರಿಕದವರಿಗೆ ಮೇ ಎಂಟು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ‘1,00,000’ ಎಂದು ಅಲ್ಪವಿರಾಮ ಹಾಕಿದರೆ ಅದು ಅಚ್ಚಿನ ತಪ್ಪೆಂದು ಅವರು ತಿಳಿಯುತ್ತಾರೆ.

ಬೆಲೆಯ ವಿಷಯಕ್ಕೆ ಬರೋಣ. ಡಾಲರಿನಲ್ಲಿ ಬೆಲೆ ತೋರಿಸುವುದು ಸುಲಭ, ಸಾಗಣೆಯ ಖರ್ಚನ್ನು ಸರಿಯಾಗಿ ಹೇಳುವುದೇ ಕಷ್ಟ. ಕೊರಿಯರ್ ಕಂಪನಿಗಳು ತೂಕವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕುತ್ತವೆ. ಒಂದು ತಕ್ಕಡಿಯ ತೂಕ, ಇನ್ನೊಂದು ಪೆಟ್ಟಿಗೆಯ ಗಾತ್ರದ ತೂಕ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 900 ಗ್ರಾಂ ತೂಗುವ ಹೂದಾನಿಯನ್ನು ‘ಒಡೆಯದಿರಲಿ’ ಎಂದು ನಾವು 30, 25, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಥರ್ಮೋಕೋಲ್ ತುಂಬಿ ಕಟ್ಟಿದೆವು. ಗುಣಿಸಿದರೆ 15,000, ಭಾಗಿಸಿದರೆ 3. ಒಂದು ಕಿಲೋ ಎಂದು ಗಿರಾಕಿಯಿಂದ ಹಣ ಪಡೆದಿದ್ದೆವು, ಮೂರು ಕಿಲೋಗೆ ಕಟ್ಟಿದೆವು, ಆ ಹೂದಾನಿಯಲ್ಲಿ ಬಂದ ಲಾಭವೆಲ್ಲ ಗಾಳಿಗೆ ಹೋಯಿತು. ಇದು ಉಪಮೆಯಲ್ಲ, ಪೆಟ್ಟಿಗೆಯೊಳಗೆ ಇದ್ದದ್ದು ಗಾಳಿಯೇ. ಬಿದ್ರಿ ಎರಕದ ಲೋಹ, ಗಾಜಲ್ಲ. ಈಗ ಪ್ರತಿ ಸಾಮಾನಿಗೂ ಅದರ ಮೈಗೆ ಹೊಂದುವ ರಟ್ಟಿನ ಪೆಟ್ಟಿಗೆಯನ್ನು ಮೊದಲೇ ಮಾಡಿಸಿಟ್ಟು, ಕಟ್ಟಿದ ಮೇಲಿನ ತೂಕ ನೋಡಿ, ಆಮೇಲೆಯೇ ಅದನ್ನು ವೆಬ್‌ಸೈಟಿಗೆ ಏರಿಸುತ್ತೇವೆ.

ನಿಕಿಟಿನ್ನನ ಎರಡನೆಯ ದೂರು ಸುಂಕದ್ದು. ಇದೇ ಈಗ ಎಲ್ಲಕ್ಕಿಂತ ದೊಡ್ಡ ವಿಷಯ. ಅಮೆರಿಕಕ್ಕೆ 800 ಡಾಲರಿನೊಳಗಿನ ಪೊಟ್ಟಣಗಳು ಬಹುಕಾಲ ಸುಂಕವಿಲ್ಲದೆ ಹೋಗುತ್ತಿದ್ದವು, 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ಎಲ್ಲ ದೇಶಗಳಿಗೂ ರದ್ದಾಯಿತು. ಸುಂಕವನ್ನು ಯಾರು, ಎಲ್ಲಿ ವಸೂಲು ಮಾಡಬೇಕೆಂಬುದು ಸ್ಪಷ್ಟವಿಲ್ಲದ್ದರಿಂದ ನಮ್ಮ ಅಂಚೆ ಇಲಾಖೆಯು ಆಗಸ್ಟ್ 25ರಿಂದಲೇ ಅಲ್ಲಿಗೆ ಹೆಚ್ಚಿನ ಪೊಟ್ಟಣಗಳ ಸ್ವೀಕಾರವನ್ನು ನಿಲ್ಲಿಸಿ, ಬುಕಿಂಗ್ ಮಾಡುವಾಗಲೇ ಸುಂಕ ಕಟ್ಟಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡು ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. ದರಗಳು ಆಮೇಲೂ ಚರ್ಚೆಯಲ್ಲೇ ಇವೆ, ಆದ್ದರಿಂದ ನಾನು ಇಲ್ಲಿ ಅಂಕಿ ಹೇಳುವುದಿಲ್ಲ, ಕಳುಹಿಸುವ ವಾರದಲ್ಲಿ ವಿಚಾರಿಸಿ. ಬ್ರಿಟನ್ನಿನಲ್ಲಿ 2021ರ ಜನವರಿಯಿಂದ 135 ಪೌಂಡಿನೊಳಗಿನ ಸರಕನ್ನು ಸ್ವಂತ ವೆಬ್‌ಸೈಟಿನಿಂದ ನೇರವಾಗಿ ಅಲ್ಲಿನ ಗ್ರಾಹಕರಿಗೆ ಮಾರುವವರು ಅಲ್ಲಿನ ಮಾರಾಟ ತೆರಿಗೆಯಾದ ವ್ಯಾಟ್‌ಗೆ ನೋಂದಾಯಿಸಿಕೊಳ್ಳಬೇಕು. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈನಿಂದ ಎಷ್ಟೇ ಸಣ್ಣ ಪೊಟ್ಟಣಕ್ಕೂ ವ್ಯಾಟ್ ಬೀಳುತ್ತದೆ. ಆಸ್ಟ್ರೇಲಿಯಾದ ಜಿಎಸ್‌ಟಿಗೆ ವಿದೇಶಿ ಮಾರಾಟಗಾರ ನೋಂದಾಯಿಸಿಕೊಳ್ಳಬೇಕಾದದ್ದು ಅಲ್ಲಿನ ವಾರ್ಷಿಕ ವಹಿವಾಟು 75,000 ಆಸ್ಟ್ರೇಲಿಯನ್ ಡಾಲರ್ ಮುಟ್ಟಿದಾಗ, ಅಷ್ಟು ದೂರ ನಾವು ಇನ್ನೂ ಹೋಗಿಲ್ಲ.

ಇಷ್ಟೆಲ್ಲ ನಿಯಮಗಳನ್ನು ಗಿರಾಕಿಗೆ ಪಾಠ ಮಾಡುವ ಅಗತ್ಯವಿಲ್ಲ. ಅವನಿಗೆ ತಿಳಿಯಬೇಕಾದದ್ದು ಒಂದೇ: ಬಾಗಿಲಿಗೆ ಬಂದ ಅಂಚೆಯವನು ಇನ್ನಷ್ಟು ಹಣ ಕೇಳುತ್ತಾನೆಯೇ, ಇಲ್ಲವೇ? ಸುಂಕ ನಮ್ಮ ಬೆಲೆಯಲ್ಲಿ ಸೇರಿದ್ದರೆ ‘ಸೇರಿದೆ’ ಎನ್ನಿ, ಸೇರಿಲ್ಲದಿದ್ದರೆ ‘ನಿಮ್ಮ ದೇಶದ ಸುಂಕ ಮತ್ತು ಕೊರಿಯರಿನವರ ನಿರ್ವಹಣಾ ಶುಲ್ಕವನ್ನು ನೀವು ಕಟ್ಟಬೇಕಾಗುತ್ತದೆ’ ಎಂದು ಹಣ ಕಟ್ಟುವ ಗುಂಡಿಯ ಮೇಲೆಯೇ ಬರೆಯಿರಿ. ಪುಟದ ತಳದ ಸಣ್ಣ ಅಕ್ಷರಗಳಲ್ಲಿ ಅಡಗಿಸಿದರೆ ಪೊಟ್ಟಣ ತಿರಸ್ಕೃತವಾಗಿ ವಾಪಸ್ಸು ಬರುತ್ತದೆ, ಬರುವ ಖರ್ಚೂ ನಮ್ಮದೇ. ಕೆಲವರು ಗಿರಾಕಿಯ ಮೇಲಿನ ಪ್ರೀತಿಯಿಂದ ಬೆಲೆ ಕಡಿಮೆ ತೋರಿಸಿ ‘ಗಿಫ್ಟ್’ ಎಂದು ಬರೆದುಕೊಡುತ್ತಾರೆ. ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ದಂಡ, ಸಿಕ್ಕದೆ ಪೊಟ್ಟಣ ಕಳೆದುಹೋದರೆ ವಿಮೆ ಸಿಗುವುದು ಆ ಸುಳ್ಳು ಬೆಲೆಗೇ.

ನಮ್ಮ ಕಡೆಯ ಕಾಗದಪತ್ರಗಳನ್ನು ಚುಟುಕಾಗಿ ಹೇಳುತ್ತೇನೆ. ಪಾನ್ ಇದ್ದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ಐಇಸಿ ಎಂಬ ಆಮದು ರಫ್ತು ಸಂಕೇತ ಪಡೆಯಬಹುದು, ದಲ್ಲಾಳಿ ಬೇಕಿಲ್ಲ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಅದನ್ನು ನವೀಕರಿಸಿ ದೃಢಪಡಿಸಬೇಕು, ಮರೆತರೆ ಅದು ನಿಷ್ಕ್ರಿಯವಾಗುತ್ತದೆ. ನಾನು ಒಂದು ಸಲ ಮರೆತು, ಕಟ್ಟಿಟ್ಟ ಪೊಟ್ಟಣದ ಮುಂದೆ ಕೈಕಟ್ಟಿ ಕುಳಿತಿದ್ದೆ. ಜಿಎಸ್‌ಟಿ ಇರುವವರು ಪ್ರತಿ ಆರ್ಥಿಕ ವರ್ಷಕ್ಕೆ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಅಂಚೆಯ ಮೂಲಕ ಕಳುಹಿಸುವವರಿಗೆ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳಿವೆ, ಅಲ್ಲಿನ ಪೋರ್ಟಲಿನಲ್ಲಿ ರಫ್ತು ಬಿಲ್ಲನ್ನು ನಾವೇ ತುಂಬಬಹುದು. ಸುಂಕಕ್ಕಾಗಿ ಸರಕನ್ನು ವಿಂಗಡಿಸುವ ಎಚ್‌ಎಸ್ ಸಂಕೇತವನ್ನು ಮಾತ್ರ ಅಂದಾಜಿನಲ್ಲಿ ಹಾಕಬೇಡಿ. ಬೇಸ್ ಮೆಟಲ್ ಎನ್ನುವ ಸಾಮಾನ್ಯ ಲೋಹದ ಪ್ರತಿಮೆ ಮತ್ತು ಅಲಂಕಾರ ವಸ್ತುಗಳಿಗೆ 8306, ಸತುವಿನ ಇತರ ವಸ್ತುಗಳಿಗೆ 7907, ಯಾವುದು ನಿಮ್ಮ ಸಾಮಾನಿಗೆ ಹೊಂದುತ್ತದೆಂದು ಬಲ್ಲವರಲ್ಲಿ ಒಮ್ಮೆ ಖಚಿತಪಡಿಸಿಕೊಂಡು ಅದನ್ನೇ ಕೊನೆಯವರೆಗೂ ಬಳಸಿ, ಏಕೆಂದರೆ ಆ ಕಡೆಯ ಸುಂಕ ನಿಲ್ಲುವುದು ಈ ಸಂಖ್ಯೆಯ ಮೇಲೆಯೇ.

ಹಣ ಬರುವ ದಾರಿ. ಗೂಗಲ್ ಪೇ, ಫೋನ್‌ಪೇ ನಂಬರು ಹಾಕಿಟ್ಟು ವಿದೇಶೀಯ ಗಿರಾಕಿಗಾಗಿ ಕಾಯುವುದರಲ್ಲಿ ಅರ್ಥವಿಲ್ಲ. ಅಂತರರಾಷ್ಟ್ರೀಯ ಕಾರ್ಡುಗಳನ್ನು ಸ್ವೀಕರಿಸುವ ಪೇಮೆಂಟ್ ಗೇಟ್‌ವೇ ಬೇಕು. ಗಡಿಯಾಚೆಗಿನ ಪಾವತಿ ನಡೆಸುವ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು, ಆ ಅನುಮತಿ ಇರುವ ಸಂಸ್ಥೆಯನ್ನೇ ಆರಿಸಿಕೊಳ್ಳಿ. ಬಂದ ಪ್ರತಿ ಮೊತ್ತಕ್ಕೂ ವಿದೇಶಿ ಹಣ ಸ್ವೀಕೃತಿಯ ಪತ್ರವನ್ನು ತೆಗೆದಿಟ್ಟುಕೊಳ್ಳಿ, ಕಳುಹಿಸಿದ ಸರಕಿಗೂ ಬಂದ ಹಣಕ್ಕೂ ತಾಳೆಯಾಗಬೇಕು. ಕಾರ್ಡಿನಲ್ಲಿ ಹಣ ಕಟ್ಟಿದವನು ‘ಸಾಮಾನು ತಲುಪಲಿಲ್ಲ’ ಎಂದು ತನ್ನ ಬ್ಯಾಂಕಿಗೆ ದೂರು ಕೊಟ್ಟರೆ ತಿಂಗಳುಗಳ ನಂತರವೂ ಹಣ ನಮ್ಮ ಖಾತೆಯಿಂದ ಹಿಂದಕ್ಕೆ ಹೋಗಬಹುದು. ಆಗ ನಮ್ಮ ಕೈಯಲ್ಲಿರುವ ಸಾಕ್ಷಿ ಟ್ರ್ಯಾಕಿಂಗ್ ಸಂಖ್ಯೆ ಮತ್ತು ಪಡೆದವರ ಸಹಿ ಎರಡೇ. ಇನ್ನೊಂದು ಎಚ್ಚರಿಕೆ: ಬೆಲೆ ಕೇಳದೆ ಹತ್ತು ಸಾಮಾನಿಗೆ ಆರ್ಡರ್ ಕೊಟ್ಟು, ‘ಹೆಚ್ಚಿಗೆ ಹಣ ಕಳುಹಿಸುತ್ತೇನೆ, ಅದರಲ್ಲಿ ನನ್ನ ಸಾಗಣೆಯವನಿಗೆ ನೀವೇ ಕೊಟ್ಟುಬಿಡಿ’ ಎನ್ನುವವನು ಗಿರಾಕಿಯಲ್ಲ. ಕದ್ದ ಕಾರ್ಡಿನ ಹಣ ವಾಪಸ್ಸು ಹೋಗುತ್ತದೆ, ಸಾಗಣೆಯವನಿಗೆ ನಾವು ಕೊಟ್ಟದ್ದು ಬರುವುದಿಲ್ಲ.

ಕಲಬುರಗಿಯ ಸ್ವಸಹಾಯ ಸಂಘದಿಂದ ಬಂದಿರುವ ಅಕ್ಕನವರು ಕೇಳಿದ್ದಾರೆ: ‘ಬಿದ್ರಿಯ ಮಾತಾಯಿತು, ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬೇಳೆಗೆ ಏನು ಹೇಳುತ್ತೀರಿ?’ ಅಕ್ಕಾ, ಬೇಳೆಯನ್ನು ಕಿಲೋ ಲೆಕ್ಕದಲ್ಲಿ ವೆಬ್‌ಸೈಟಿನಿಂದ ಮನೆಮನೆಗೆ ಕಳುಹಿಸುವುದು ಆಗದ ಮಾತು, ಬೇಳೆಗಿಂತ ವಿಮಾನದ ಬಾಡಿಗೆಯೇ ಹಲವು ಪಟ್ಟು ಆಗುತ್ತದೆ. ಬೇಳೆಗೆ ವೆಬ್‌ಸೈಟ್ ಬೇಕಿರುವುದು ಮನೆಯ ಗಿರಾಕಿಗಲ್ಲ, ಅಲ್ಲಿನ ಭಾರತೀಯ ದಿನಸಿ ಅಂಗಡಿಗಳಿಗೆ ಪೂರೈಸುವ ಸಗಟು ವ್ಯಾಪಾರಿಗೆ. ಅವನು ಹುಡುಕುವುದು ಬೇರೆ: ವರ್ಷಕ್ಕೆ ಎಷ್ಟು ಟನ್ ಕೊಡಬಲ್ಲಿರಿ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಇದೆಯೇ, ಪ್ರಯೋಗಾಲಯದ ವರದಿ ಇದೆಯೇ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರೇ ಎಂಬ ವಿವರ. ರೊಟ್ಟಿ ಹಗುರ, ಒಣಗಿದ್ದು, ಕೆಡದೆ ಬಹಳ ದಿನ ಇರುತ್ತದೆ, ಅದಕ್ಕೆ ಅವಕಾಶವಿದೆ. ಆದರೆ ಅದು ಮುರಿಯುತ್ತದೆ, ಗಾತ್ರದ ತೂಕವೂ ಅದಕ್ಕೆ ಏಟು ಕೊಡುತ್ತದೆ. ಅಮೆರಿಕಕ್ಕೆ ವ್ಯಾಪಾರಕ್ಕೆಂದು ಆಹಾರ ಕಳುಹಿಸುವುದಾದರೆ ತಯಾರಿಸುವ ಜಾಗವನ್ನು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎಯಲ್ಲಿ ನೋಂದಾಯಿಸಬೇಕು, ಅಲ್ಲಿ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕು, ಸರಕು ಹೊರಡುವಾಗ ಮುಂಗಡ ಸೂಚನೆ ಕೊಡಬೇಕು. ಒಂದೊಂದು ಸಂಘವೂ ಪ್ರತ್ಯೇಕವಾಗಿ ಇದನ್ನು ಮಾಡುವುದಕ್ಕಿಂತ ನಾಲ್ಕೈದು ಸಂಘಗಳು ಸೇರಿ ಒಂದೇ ಜಾಗದಲ್ಲಿ ರೊಟ್ಟಿ ಬಡಿದು ಒಂದೇ ಹೆಸರಿನಲ್ಲಿ ಕಳುಹಿಸುವುದು ಮೇಲು. ಮೊದಲು ದುಬೈಗೆ ಕಳುಹಿಸಿ ನೋಡಿ ಎಂಬುದು ನನ್ನ ಸಲಹೆ. ಅಲ್ಲಿಗೂ ನಮಗೂ ಗಡಿಯಾರದಲ್ಲಿ ಒಂದೂವರೆ ಗಂಟೆಯಷ್ಟೇ ಅಂತರ, ಊರಿನ ಜನ ಇದ್ದಾರೆ, ರೊಟ್ಟಿ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಂತ ವೆಬ್‌ಸೈಟ್ ಯಾಕೆ, ದೊಡ್ಡ ಮಾರುಕಟ್ಟೆ ತಾಣಗಳಲ್ಲಿ ಅಂಗಡಿ ತೆರೆದರೆ ಸಾಲದೇ ಎಂದು ಯುವಕರೊಬ್ಬರು ಕೇಳಿದರು. ತೆರೆಯಿರಿ, ನಾವೂ ತೆರೆದಿದ್ದೇವೆ, ಮೊದಲ ವರ್ಷದ ಗಿರಾಕಿಗಳು ಬಂದದ್ದು ಹೆಚ್ಚಾಗಿ ಅಲ್ಲಿಂದಲೇ. ಆದರೆ ಅಲ್ಲಿ ಗಿರಾಕಿಯ ವಿಳಾಸ ಅವರದು, ನಿಯಮ ಅವರದು, ಇವತ್ತು ಮೇಲಿದ್ದ ನಮ್ಮ ಸಾಮಾನು ನಾಳೆ ಹತ್ತನೆಯ ಪುಟಕ್ಕೆ ಇಳಿದರೆ ಕಾರಣ ಕೇಳುವುದಕ್ಕೆ ಯಾರೂ ಸಿಗುವುದಿಲ್ಲ. ಜಾತ್ರೆಯಲ್ಲಿ ಮಳಿಗೆ ಹಾಕುತ್ತೇವೆಂದು ಊರಿನ ಅಂಗಡಿ ಮುಚ್ಚುವುದುಂಟೇ?

ಕೊನೆಗೆ ನಮ್ಮ ಚಾಚಾ ಅವರು ಮುಂದಿನ ಸಾಲಿನಿಂದ ಕೇಳಿದ ಪ್ರಶ್ನೆ. ‘ಸೇಠ್, ಆ ಪುಟದಲ್ಲಿ ನಿಮ್ಮ ಅಂಗಡಿಯ ಹೆಸರಿದೆ, ಬಳ್ಳಿ ಕೊರೆದವನ ಹೆಸರು ಎಲ್ಲಿದೆ?’ ಸಭೆ ನಕ್ಕಿತು, ನಾನು ನಗಲಿಲ್ಲ, ಏಕೆಂದರೆ ಈ ಪ್ರಶ್ನೆಯನ್ನು ಅವರು ಅಂಗಡಿಯಲ್ಲೂ ಎರಡು ಸಲ ಕೇಳಿದ್ದಾರೆ. ಮ್ಯೂಸಿಯಮ್ಮಿನ ವಿವರ ನೋಡಿ ಬರೆಯಲು ಕಲಿತೆ ಎಂದೆನಲ್ಲ, ಆ ಹಳೆಯ ಹುಕ್ಕಾಬುಡಗಳ ವಿವರದಲ್ಲೂ ಸಾಮಾನ್ಯವಾಗಿ ಮಾಡಿದವನ ಹೆಸರು ಇರುವುದಿಲ್ಲ. ಆ ಕೊರತೆಯನ್ನೂ ಸೇರಿಸಿಯೇ ನಾನು ನಕಲು ಮಾಡಿದ್ದೆ. ಹೆಸರು ಹಾಕಿದರೆ ಗಿರಾಕಿ ನೇರವಾಗಿ ಕಾರೀಗರನಿಗೇ ಆರ್ಡರ್ ಕೊಟ್ಟುಬಿಡುತ್ತಾನೆಂಬ ಅಳುಕು ನನ್ನಲ್ಲಿತ್ತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ದುಂಡು ಡಬ್ಬಿಯ ಪುಟದಲ್ಲಿ ಎರಕ ಯಾರದು, ಕೊರೆತ ಯಾರದು, ಬೆಳ್ಳಿ ಕೂರಿಸಿದವರು ಯಾರು ಎಂಬ ಮೂರು ಸಾಲುಗಳನ್ನು ಬರುವ ಸೋಮವಾರ ಸೇರಿಸುತ್ತೇವೆ. ಹೆಸರಿನ ಕಾಗುಣಿತವನ್ನು ಚಾಚಾ ಅವರೇ ಬರೆದುಕೊಡುವುದಾಗಿ ಹೇಳಿದ್ದಾರೆ.